ನಡುವಿನ ಹಾಳಿ

ನನ್ನ ಅಳತಿ ಬುಕ್ಕಿಗೆ ಎರಡು ಮುಖ.
ಈ ಕಡಿಂದ ತೆರದರ ಗಂಡಸರು: ಎದಿ, ನಡಾ, ಕಾಲರ್.
ತಿರುವಿ ಹಿಂದಿನಿಂದ ತೆರದರ ಹೆಂಗಸರು:
ಕೊರಳು ಎಷ್ಟು ಆಳ, ತೋಳು ಎಷ್ಟು ಗಿಡ್ಡ,
ಹುಕ್ಕು ಮುಂದೋ ಹಿಂದೋ.

ಎಂಬತ್ನಾಲ್ಕರಾಗ, ಹಳೇ ಬಾಗಲಕೋಟಿ ಕಿಲ್ಲಾದಾಗ,
ಅಂಗಡಿ ಬಾಗಲಾ ಅರ್ಧ ಎಳದಿದ್ದೆ.
ತಲಿ ಬಗ್ಗಿಸಿ ಒಳಗ ಬಂದ ದ್ಯಾಮಪ್ಪ.
ಹೆಸರಿನ ಮೊದಲರ್ಧ ದೇವಿ, ಉಳದರ್ಧ ಅಪ್ಪ.
ಕೈಯಾಗ ಪೇಪರಿನ ಸುತ್ತು. ಬಿಚ್ಚಿದರ
ಗುಳೇದಗುಡ್ಡದ ಖಣ, ಅವರವ್ವ ನೇಯ್ದದ್ದು,
ನೇರಳಿ ಬಣ್ಣ, ಸೂಜಿಮಲ್ಲಿಗಿ ಬುಟ್ಟಾ.
"ಕೋಟು ಹೊಲೀರಿ ಮಾಸ್ತರ."
"ಖಣ ಕುಪ್ಪಸಕ್ಕೋ ತಮ್ಮಾ."
"ಅದು ಅರಿವಿಗೆ ಗೊತ್ತೈತೇನ್ರಿ?"

ಟೇಪು ಹಿಡದೆ. ಎದಿ ಮೂವತ್ಮೂರು, ನಡಾ ಇಪ್ಪತ್ತಾರು.
ಬುಕ್ಕು ತೆರದೆ. ಈ ಕಡೆ ಬರಿಯಾಕೂ ಕೈ ಬರಲಿಲ್ಲ,
ಆ ಕಡೆ ಬರಿಯಾಕೂ.
ಪಿನ್ನು ಹೊಡದ ನಡುವಿನ ಹಾಳಿ ಖಾಲಿ ಇತ್ತು.
ಅಲ್ಲೇ ಬರದೆ.

ಗಣಪತಿ ಪೆಂಡಾಲಿನ್ಯಾಗ ಆರ್ಕೆಸ್ಟ್ರಾ.
ಬಲಕ್ಕ ಗಂಡಸರು, ಎಡಕ್ಕ ಹೆಂಗಸರು, ನಡುವ ಹಗ್ಗ.
ಅಂವ ಕಾಡಿಗಿ ಹಚ್ಚಿ, ಹಿಮ್ಮಡ ಎತ್ತರದ ಬೂಟು ಮೆಟ್ಟಿ,
ನಮ್ಮ ಕಡೆ ತಿರಗಿ ಹೆಣ್ಣಿನ ದನಿ ತಗದ,
ಅವರ ಕಡೆ ತಿರಗಿ ಗಂಡಿನ ದನಿ.
ತನಗ ತಾನ ಸವಾಲ್ ಹಾಕಿ
ತಾನ ಜವಾಬ್ ಕೊಟ್ಟಾಂಗ.
ಯಾವನೋ ಚಪ್ಪಲಿ ಒಗದ. ಮೈಕಿನ್ಯಾಗ ಅಂದ:
"ಇನ್ನೊಂದೂ ಒಗೀರಿ, ನನ್ನ ನಂಬರ್ ಏಳು."
ಮರುದಿನ ಊರಾಗ
ಬೈಯೂ ಬಾಯಿ, ಹಾಡು ಗುನುಗೂ ಬಾಯಿ
ಎರಡೂ ಒಂದ ಇದ್ದವು.

ಆಮ್ಯಾಲ ಡೈಮಂಡ್ ದ್ಯಾಮ ಅಂತ ಪೋಸ್ಟರು.
ಹುಬ್ಬಳ್ಳ್ಯಾಗ ರೆಕಾರ್ಡಾದ ಕ್ಯಾಸೆಟ್ಟು,
ಕವರಿನ ಮ್ಯಾಲ ಮೂಗುತಿ, ಅದರ ಕೆಳಗ ಕುಡಿಮೀಸಿ.
ಜಮಖಂಡಿ ಬಸ್ಸಿನ್ಯಾಗ ಅಂವ, ಮುಧೋಳದ ಚಾದಂಗಡ್ಯಾಗ ಅಂವ,
ಮಿರಜದ ತನಕಾ ವೀಳ್ಯ.
ಕಾಲೇಜು ಹುಡುಗರು ಬಂದು, ಯಾರೂ ಇಲ್ಲದ್ದು ನೋಡಿ,
"ತೋಳಿಗೆ ಒಂದೀಟ ಬುಗ್ಗಿ ಕೊಡ್ರಿ ಮಾಸ್ತರ."
ಕೊಟ್ಟೆ. ರೇಟು ಮಾತ್ರ ಲೇಡೀಸ್ ರೇಟು.

ನಡುವಿನ ಹಾಳ್ಯಾಗ ಸಾಲು ಬೆಳದವು:
ಎಂಬತ್ತೇಳು, ಜರಿ ಶೇರವಾನಿ, ನಡಾ ಇಪ್ಪತ್ತೆಂಟು.
ತೊಂಬತ್ತು, ಕನ್ನಡಿ ಚೂರಿನ ಜಾಕೀಟು, ಮೂವತ್ತೊಂದು. ಬಾಕಿ ನಾನೂರು.
ತೊಂಬತ್ಮೂರು, ಅಳತಿ ಕೊಟ್ಟ, ಅರಿವಿ ತರಲಿಲ್ಲ.

ಡೀಜೆ ಬಂತು, ಅದಕ್ಕ ಕೊರಳ ಬೇಕಾಗಿಲ್ಲ.
ಆಲಮಟ್ಟಿ ಹಿನ್ನೀರು ಕಿಲ್ಲಾದ ಕಡೆ ಬಂತು.
ನಾ ಮಷೀನು ಹೊತಗೊಂಡು ನವನಗರಕ್ಕ ಬಂದೆ,
ಓಣಿ ಹೋಗಿ ಸೆಕ್ಟರ್ ನಂಬರಾದೆ.
ದ್ಯಾಮಪ್ಪ ಸೊಲ್ಲಾಪುರದಾಗ ಸತ್ತ ಅಂದರು ಒಬ್ಬರು,
ಅಲ್ಲೇ ಬಳಿ ಅಂಗಡಿ ಇಟ್ಟಾನ ಅಂದರು ಇನ್ನೊಬ್ಬರು.
ಎರಡೂ ನಂಬಿದೆ.

ಹೋದ ಶ್ರಾವಣದಾಗ ಬಂದ.
ತಲ್ಯಾಗ ಕೂದಲಿಲ್ಲ, ಕಣ್ಣಾಗ ಕಾಡಿಗಿ ಐತಿ.
ಅದ ಕೋಟು. "ಗುಂಡಿ ಹತ್ತವೊಲ್ಲವು ಮಾಸ್ತರ."
"ಯಾರು ಕರದಾರೋ?"
"ನಿಮ್ಮ ಸೆಕ್ಟರಿನ ಹುಡುಗರು. ಅವರವ್ವಗೋಳು ನನ್ನ ಕ್ಯಾಸೆಟ್ಟು
ಬಚ್ಚಿಟ್ಟಿದ್ದರಂತ."
ಬೆಳಿಯೂ ಹುಡುಗ ಅಂತ ಆವಾಗ
ಒಳಗ ಎರಡಿಂಚು ಬಿಟ್ಟಿದ್ದೆ.
ಬ್ಲೇಡು ಹಚ್ಚಿ ಹೊಲಿಗಿ ಬಿಚ್ಚಿದೆ:
ಹೊರಗ ಬೂದಿಗಟ್ಟಿದ ನೇರಳಿ, ಒಳಗ ಹಸೀದು,
ಅವರವ್ವ ಈಗ ಮಗ್ಗದಿಂದ ಇಳಿಸಿದಾಂಗ.
ಎಷ್ಟು ಇಸ್ತ್ರಿ ಹೊಡದರೂ ಎರಡು ಬಣ್ಣದ ಗೆರಿ ಹೋಗಲಿಲ್ಲ.
"ಇರಲಿ ಬಿಡ್ರಿ," ಅಂದ, "ಫ್ಯಾಶನ್ ಅಂತಾರ."

ಆ ರಾತ್ರಿ ಕುರ್ಚಿ ಎಲ್ಲಾ ಕಲತಿದ್ದವು, ಹಗ್ಗ ಇದ್ದಿಲ್ಲ.
ಆದರೂ ನಾ ಹುಡಿಕ್ಯಾಡಿ ಎಡಕ್ಕ ಹೋಗಿ ಕುಂತೆ,
ಅಕ್ಕಗೋಳ ನಡುವ.
ಹೆಣ್ಣಿನ ದನಿ ಹಂಗ ಇತ್ತು. ಗಂಡಿನದು ಒಡದಿತ್ತು.
ಆ ದನಿ ಏರಿಸೂ ಮುಂದ ಅಂವ ಒಂದ ಕಣ್ಣು ಮುಚ್ಚತಾನ,
ಇಷ್ಟು ವರ್ಷ ಟೇಪು ಹಿಡದಾಂವಗ
ಅವತ್ತ ಗೊತ್ತಾತು.
ನಾನೂರು ರೂಪಾಯಿ ಕೇಳಬೇಕಂತ ಹೋಗಿದ್ದೆ.