ಈ ಸಾರಿ

ತಾರ್ತುವಿನಲ್ಲಿ ನವೆಂಬರಿಗೆ ಮೂರೂವರೆಗೇ ಕತ್ತಲು.
ಕಮಾನು ಸೇತುವೆ ದಾಟಿ, ಬೂಟಿನ ಕೆಸರು ಒದರಿ
ಮೂವರು ಬರುತ್ತಾರೆ:
ವೋರುವಿನ ತೌರಿ, ದ್ವೀಪದ ಹುಡುಗ ಇಂದ್ರೆಕ್,
ಗಡಿಯೂರು ನಾರ್ವದ ಝ್ಲಾತಾ.
ಸಂಬಳವಿಲ್ಲ. ಬರೆದದ್ದು ಒಬ್ಬರದಲ್ಲ, ಬೇಕಾದವರದು.
ನನ್ನ ಕೆಲಸ ಇಷ್ಟೇ: ಕೆಟಲು ಕಾಯಿಸುವುದು,
ಕರಿ ಬ್ರೆಡ್ಡು ಕೊಯ್ದಿಡುವುದು,
ಉತ್ತರ ಗೊತ್ತಿದ್ದಾಗ ಬಾಯಿಗೆ ಬೀಗ.

"ಸಾವಿರ ಸಲ ಓಡಿಸಿದೆ, ಸರಿ ಬಂತು" ಎಂದ ತೌರಿ.
ಕಿಟಕಿಯಾಚೆ ತೋರಿಸಿದೆ. ಹೊಳೆಯಂಚಿಗೆ
ಈಗಷ್ಟೇ ಕಟ್ಟಿದ ಎಳೆ ಮಂಜುಗಡ್ಡೆ,
ಮೇಲೊಂದು ಕಾಗೆ ಅತ್ತಿಂದಿತ್ತ ಓಡಾಡುತ್ತಿತ್ತು.
ಕಾಗೆಯನ್ನು ಸಾವಿರ ಸಲ ಹೊತ್ತದ್ದು
ನಿನ್ನನ್ನು ಒಂದು ಸಲ ಹೊರುತ್ತದೆಯೇ?

ಅವರ ಮುಂದಿಟ್ಟದ್ದು
ಹನ್ನೊಂದು ವರ್ಷದ ಹಿಂದೆ ನಾನೇ ಬರೆದ ಇನ್ನೂರು ಸಾಲು.
ಒಂದು ಉಂಗುರ. ಬಂದದ್ದನ್ನು ಸಾಲಾಗಿ ಕೂರಿಸಿ
ಬಂದ ಕ್ರಮದಲ್ಲೇ ಕಳಿಸಿಕೊಡುವ ಉಂಗುರ.
ಎಲ್ಲೆಲ್ಲೋ ಸೇರಿಕೊಂಡಿದೆಯಂತೆ ಈಗ:
ಹಾಲಿನ ಡೈರಿಯ ತಕ್ಕಡಿಯಲ್ಲಿ,
ಮಂಚದ ಪಕ್ಕ ಹನಿ ಎಣಿಸುವ ಪಂಪಿನಲ್ಲಿ.
ಕೇಳಿ ಒಯ್ದವರಿಲ್ಲ. ಬಾಗಿಲೇ ಇಡದ ಮನೆ ಅದು,
ಇಡಬಾರದೆಂದೇ ಕಟ್ಟಿದ್ದೆ.

ಸಾಬೀತು ಪರೀಕ್ಷಿಸುವ ಯಂತ್ರಕ್ಕೆ ದಾಕ್ಷಿಣ್ಯವಿಲ್ಲ.
"ಗೊತ್ತಿರುವುದೇ", "ಮುಂದೆಯೂ ಹೀಗೆಯೇ"
ಎಂದು ಕೈಬೀಸಿದರೆ ನಡೆಯದು.
ಕಟ್ಟಿದವರು ಒಂದೇ ಒಂದು ಕರುಣೆ ಇಟ್ಟಿದ್ದಾರೆ:
ದಾರಿ ಕಾಣದ ಕಡೆ 'ಸಾರಿ' ಎಂದು ಬರೆದರೆ
ಹಳದಿ ಗೆರೆ ಎಳೆದು ಮುಂದಕ್ಕೆ ಬಿಡುತ್ತದೆ,
ಸಾಲ ಬರೆದಿಟ್ಟುಕೊಳ್ಳುವ ಅಂಗಡಿಯವನ ಹಾಗೆ.

ಮೊದಲ ಸಾರಿ, ಮೂವತ್ತೊಂದು ಸಾರಿ.
ಎರಡನೆಯ ಸಾರಿ ಹದಿನಾಲ್ಕು.
ಇಂದ್ರೆಕನಿಗೆ ಹಡಗಿನಲ್ಲಿ ಕೆಲಸ ಸಿಕ್ಕಿತು,
ತನ್ನ ಪಾಲಿನ ಐದನ್ನು ಮೇಜಿನ ಮೇಲೆ ಬಿಟ್ಟು ಹೋದ.
ತೌರಿ ಬೈಯುತ್ತಲೇ ಅವನ್ನೂ ತೀರಿಸಿದ.
ಜನವರಿಯಲ್ಲಿ ಉಳಿದದ್ದು ಒಂದೇ, ಝ್ಲಾತಾಳದು.

ಅವಳು ಕೇಳುವುದು ಕಡಿಮೆ. ಮೂರನೆಯ ಭಾಷೆಯಲ್ಲಿ
ಕೇಳುವುದಕ್ಕೂ ಮೊದಲು ವಾಕ್ಯ ಕಟ್ಟಬೇಕು.
"ಅದಾ? ಸುಲಭ, ಎರಡೇ ಸಾಲು" ಎಂದುಬಿಟ್ಟೆ.
ಬೀಗ ಹಾಕಬೇಕಿದ್ದುದು ಅಲ್ಲಿ.
ಬಾರದವರ ಎದೆಯ ಮೇಲೆ
'ಸುಲಭ' ಎಂಬುದು ಎಂಥ ಕಲ್ಲು ಎಂದು
ಇಪ್ಪತ್ತು ವರ್ಷ ಪಾಠ ಹೇಳಿದವಳಿಗೆ ಹೊಳೆಯಲಿಲ್ಲ.
ಎರಡು ವಾರ ಅವಳು ಬರಲಿಲ್ಲ.
ಬ್ರೆಡ್ಡು ಒಣಗಿತು.

ಫೆಬ್ರವರಿಯಲ್ಲಿ ಬಂದಳು, ಒಬ್ಬಳೇ,
ಚೌಕುಳಿ ಹಾಳೆಯ ಮೇಲೆ ಉಂಗುರ ಬರೆದುಕೊಂಡು.
ಎಂಟು ಮನೆ. ಎಂಟೂ ತುಂಬಿದಳು.
'ತುಂಬಿದೆ' ಎಂಬ ಬಾವುಟ ಏರಿಸಿದಳು.
ಮತ್ತೆ ರಬ್ಬರಿನಿಂದ ಒಂದೇ ಎಳೆತಕ್ಕೆ ಎಂಟನ್ನೂ ಅಳಿಸಿದಳು,
ನನ್ನ ಸಾಲುಗಳು ಅಳಿಸುವ ಹಾಗೆಯೇ.
ಬಾವುಟ ಮಾತ್ರ ಹಾಗೇ ನಿಂತಿತ್ತು.
"ಇದನ್ನು ಸಾಬೀತು ಮಾಡಲು ಆಗಲಿಲ್ಲ," ಎಂದಳು,
"ಯಾಕೆಂದರೆ ಇದು ನಿಜ ಅಲ್ಲ."
ವ್ಯಾಕರಣ ಒಂದು ಕಡೆ ತಪ್ಪಿತ್ತು. ಬೇರೇನೂ ತಪ್ಪಿರಲಿಲ್ಲ.

ತುಂಬಿದ ಕೊಡ ತುಳುಕುವುದಿಲ್ಲ, ಸರಿ.
ನನ್ನ ಕೊಡ ಬರಿದಾದ ಮೇಲೂ ತುಳುಕಲಿಲ್ಲ.
ತುಂಬಿದ್ದೇನೆ, ಜಾಗವಿಲ್ಲ ಎನ್ನುತ್ತ
ಎಲ್ಲೋ, ಯಾವಾಗಲೋ,
ಬಂದವರನ್ನು ಹೊಸ್ತಿಲಿಂದಲೇ ತಿರುಗಿ ಕಳಿಸಿರಬೇಕು.
ಆ ಪಂಪು ನೆನಪಾಯಿತು. ಮಂಚ ನೆನಪಾಯಿತು.
ಮಂಚದ ಮೇಲಿನವರ ಮುಖ ನನಗೆ ಗೊತ್ತಿಲ್ಲ.

ತಿದ್ದಬೇಕಾದದ್ದು ಒಂದು ಸಾಲು.
ಕೀಲಿಮಣೆ ಅವಳ ಕಡೆ ತಳ್ಳಿದೆ.
ಬರೆದವರು ಯಾರು ಎಂಬಲ್ಲಿ ನನ್ನ ಹೆಸರು ಒತ್ತಿದಳು,
ಅಳಿಸಿದೆ.
ತನ್ನದನ್ನು ಒತ್ತಿದಳು, ತಪ್ಪು ಅಕ್ಷರ,
ಮತ್ತೊಮ್ಮೆ ಒತ್ತಿದಳು.
ಯಂತ್ರ ಸ್ವಲ್ಪ ಹೊತ್ತು ಯೋಚಿಸಿತು.
ಹಳದಿ ಎಲ್ಲೂ ಮೂಡಲಿಲ್ಲ. ಅದರ ಶಹಬ್ಬಾಸು ಅಷ್ಟೇ, ಮೌನ.

ಯಂತ್ರ ಒಪ್ಪಿಕೊಳ್ಳುವ ಆ ಪದವನ್ನು
ಈ ಸಾರಿ ನಾನು ಬಾಯಿಬಿಟ್ಟು ಹೇಳಿದೆ,
ಆ 'ಸುಲಭ'ಕ್ಕೆ.
ಝ್ಲಾತಾ ಕೋಟಿನ ಗುಂಡಿ ಹಾಕುತ್ತ ತಲೆಯೆತ್ತಿ
"ಪಂಪಿನವರಿಗೆ ಬರೆದಿರಾ?" ಎಂದಳು.

ಇಲ್ಲ.
ದೀಪ ಆರಿಸಲು ಎದ್ದವಳು
ಮತ್ತೆ ಕೂತೆ.