ಇಳಿಯುವಾಗ ಕೊಡಿ

ಮೊದಲ ಸಲ ನಾನೇ ವಾಪಸು ಕಳಿಸಿದ್ದು.
ಎಡ ಹೆಗಲ ಕೆಳಗೆ, ಚರ್ಮದಡಿ, ಬೆಂಕಿಪೆಟ್ಟಿಗೆಯಷ್ಟು ಉಬ್ಬು;
ಕೈಯಲ್ಲಿ ಕಾರ್ಡಿಲ್ಲ.
ಯಾವ ಕಂಪನಿ, ಯಾವ ಇಸವಿ, ಒಳಗಿಳಿದ ತಂತಿ ಯಾವುದು
ಗೊತ್ತಿಲ್ಲದೆ ಈ ಬಾಗಿಲು ತೆರೆಯುವುದಿಲ್ಲ ಎಂದೆ.
ದೂಮಪ್ಪ ಸಾಲ್ಯಾನರು ಸಿಟ್ಟಾಗಲಿಲ್ಲ.
"ಪಾಸ್ ಮರೆತವರನ್ನು ತೊಕ್ಕೊಟ್ಟಿನಲ್ಲಿ
ನಾನೂ ಇಳಿಸಿದ್ದೇನೆ ಅಕ್ಕ, ನಡುಮಧ್ಯಾಹ್ನ."
ನನ್ನಪ್ಪನ ವಯಸ್ಸು. ಆದರೂ ಅಕ್ಕ.

ಮೂವತ್ತೊಂದು ವರ್ಷ ಸ್ಟೇಟ್‌ಬ್ಯಾಂಕ್–ತಲಪಾಡಿ,
ಫುಟ್‌ಬೋರ್ಡಿನ ಮೇಲೆ ಒಂದೇ ಕಾಲು.
ಈಗ ಆ ಕಾಲಿಗೆ ಚಪ್ಪಲಿ ಜಾರಿದ್ದೂ ತಿಳಿಯುವುದಿಲ್ಲ.

ಹನ್ನೊಂದು ದಿನದ ಮೇಲೆ ಕಾರ್ಡು ಸಿಕ್ಕಿತು
ಅಪ್ಪಿಯಕ್ಕನ ಗ್ಯಾಸ್ ಪುಸ್ತಕದೊಳಗೆ,
ಸೊಸೈಟಿಯ ರಶೀದಿಗೆ ಅಂಟಿಕೊಂಡು.
ಬೆಳಕಿಗೆ ಹಿಡಿದು ಅಂಕಿ ಅಂಕಿ ಓದಿದೆ:
ಪೆಟ್ಟಿಗೆ ಸರಿ, ತಂತಿಗಳೆರಡೂ ಸರಿ,
ಎಕ್ಸ್‌ರೇಯಲ್ಲಿ ಬಿಟ್ಟುಹೋದ ಹಳೆಯ ತುಂಡು ಇಲ್ಲ.
ಸುರಕ್ಷಿತ ಎಂದು ಎಲ್ಲೂ ಬರೆದಿರಲಿಲ್ಲ;
ಷರತ್ತಿನ ಮೇಲೆ, ಎಂದಿತ್ತು.
"ಯಾರ ಷರತ್ತು?" ಅಂದರು ಅಪ್ಪಿಯಕ್ಕ.
ನಾನು ಆಯಸ್ಕಾಂತದ ಕೋಣೆಯತ್ತ ನೋಡಿದೆ.

ಪೇಸ್‌ಮೇಕರ್ ಕಂಪನಿಯ ಹುಡುಗ ಬಂದು
ಎದೆಯ ಮೇಲೆ ಬಾಲವಿರುವ ಬಿಲ್ಲೆಯೊಂದನ್ನಿಟ್ಟ.
"ಇನ್ನರ್ಧ ಗಂಟೆ ಇದು ನಿಮ್ಮ ಹೃದಯದ ಮಾತು ಕೇಳುವುದಿಲ್ಲ.
ಯಂತ್ರದ ಗದ್ದಲಕ್ಕೆ ಮೋಸಹೋಗಬಾರದಲ್ಲ,
ತನ್ನ ಪಾಡಿಗೆ ಮಿಡಿಯುತ್ತದೆ."
"ಓ, ಎಕ್ಸ್‌ಪ್ರೆಸ್! ಸೀಟಿ ಊದಿದರೂ ನಿಲ್ಲಿಸದ ಗಾಡಿ."

ಉಂಗುರ, ಗಡಿಯಾರ, ಬೆಳ್ಳಿಯ ಉಡಿದಾರ,
ಜೇಬಿನ ನಾಣ್ಯಗಳು ನನ್ನ ಟ್ರೇಗೆ.
ತೆಗೆಯಲಾಗದ ಒಂದು ಲೋಹ ಹೊತ್ತು ಮಲಗಿದರು.
ಕೈಗೆ ರಬ್ಬರಿನ ಗುಂಡು, ಬೆರಳಿಗೆ ಕೆಂಪು ದೀಪ.
ಬಾಗಿಲಾಚೆ ಶಾಕ್ ಪೆಟ್ಟಿಗೆಯ ಪಕ್ಕ ಡಾಕ್ಟರು,
ಆರಿದ ಕಾಫಿ.

ಲಾರಿಯಿಂದ ಹೆಂಚು ಸುರಿದ ಹಾಗೆ ಶುರುವಾಯಿತು.
ನಾನು ಬೆನ್ನುಹುರಿ ನೋಡಲಿಲ್ಲ,
ಹಸಿರು ಗೆರೆಯನ್ನೇ ನೋಡಿದೆ:
ಎಂಬತ್ತು, ಎಂಬತ್ತು, ಎಂಬತ್ತು.
ಹೆದರಿದವರ ಎದೆ ಹೀಗೆ ಸಮನಾಗಿ ಹೊಡೆಯುವುದಿಲ್ಲ.
ಹೆದರಿಕೆ ಒಳಗೆಲ್ಲೋ ಕೈಯೊಡ್ಡಿ ನಿಂತಿರಬಹುದು,
ಗಾಡಿ ನಿಲ್ಲದ ಸ್ಟಾಪಿನಲ್ಲಿ.

ಮುಗಿದ ಮೇಲೆ ಹುಡುಗ ಎಲ್ಲವನ್ನೂ ಮೊದಲಿನಂತೆ ಮಾಡಿ,
ಮತ್ತೊಮ್ಮೆ ನೋಡಿ, ಸಹಿ ಹಾಕಿದ.
ಎಪ್ಪತ್ತೆರಡು, ಅರುವತ್ತೆಂಟು, ಎಪ್ಪತ್ತು.
"ಈಗ ಕೇಳುತ್ತದಾ?"
"ಕೇಳುತ್ತದೆ."

ಟ್ರೇ ತಂದೆ. ಉಂಗುರ ಗೆಣ್ಣು ದಾಟಲಿಲ್ಲ.
ಎರಡು ರೂಪಾಯಿಯ ನಾಣ್ಯವೊಂದು ಕಡಿಮೆ;
ಕುರ್ಚಿ ಸರಿಸಿ ಬಗ್ಗಿ ಹುಡುಕಿದೆ.
ದೂಮಪ್ಪಣ್ಣ ಆ ಕಾಲನ್ನು
ಕಣ್ಣಲ್ಲೇ ಹಿಡಿದು ಚಪ್ಪಲಿಗೆ ತೂರಿಸುತ್ತಾ
"ಬಿಡಿ ಅಕ್ಕ" ಅಂದರು,
"ಚಿಲ್ಲರೆ ಇಳಿಯುವಾಗ ಕೊಡಿ."