ಬೀಗ ನೋಡುತ್ತಾನೆ ಅಪ್ಪ

ಮೂವತ್ತೊಂದು ವರ್ಷ ಹೊಸಹೊಳಲಿನ ಗುಡಿ ಕಾದ ಅಪ್ಪ
ಬೇರೆ ಯಾವ ಗುಡಿಯನ್ನೂ ನೋಡಿರಲಿಲ್ಲ.
ಕೇಳಿದರೆ, "ನಾನು ರಜ ಆಕುದ್ರೆ
ಬಾವ್ಲಿಗೆ ಬಾಗ್ಲು ಯಾರು ಆಕ್ತರೆ?"

ನಿವೃತ್ತಿಯ ಮಾರನೇ ಸೋಮವಾರ
ಟೊಮೇಟೊ ಸಾಗಿಸುವ ನನ್ನ ಓಮ್ನಿ ತೊಳೆದು
ಹಿಂದಿನ ಸೀಟು ಮತ್ತೆ ಕೂರಿಸಿದೆ.
ಅವನು ಮುಂದೆಯೇ ಕೂತ,
ಖಾಕಿ ಅಂಗಿಯಲ್ಲೇ. ಬೇರೆ ಒಳ್ಳೆಯ ಅಂಗಿ
ಇಲ್ಲವಂತೆ.

ಗೋವಿಂದನಹಳ್ಳಿಯಲ್ಲಿ ಸಾಲಾಗಿ ಐದು ಶಿವ.
ನಾನು ದ್ವಾರಪಾಲಕರ ಸೊಂಟದ ಸರದ ಮುಂದೆ
ಬಾಯಿ ಬಿಟ್ಟು ನಿಂತಿದ್ದೆ.
ಅಪ್ಪ ಅದೇ ಬಾಗಿಲ ಬುಡದಲ್ಲಿ ಕುಕ್ಕರಿಸಿ
ಬೀಗವನ್ನು ಅಂಗೈಯಲ್ಲಿ ತೂಗುತ್ತಿದ್ದ:
"ಇದು ಎಣ್ಣೆ ಕಂಡು ಏಟು ದಿನ ಆಯ್ತಪ್ಪ?"
ಕಾವಲಿನ ಬೋರಲಿಂಗಯ್ಯ ನಕ್ಕ.
ಆಮೇಲೆ ಇಬ್ಬರೂ ಎಲೆಗೆ ಸುಣ್ಣ ಬಳಿಯುತ್ತ
ಹೆಜ್ಜೇನಿನ ಗೂಡು, ಮಂಜೂರಾಗದ ಟಾರ್ಚ್ ಸೆಲ್ಲು,
ಡಿಸೆಂಬರಿನ ಇಸ್ಕೂಲು ಬಸ್ಸುಗಳ ಬಗ್ಗೆ
ಒಂದು ಗಂಟೆ ಮಾತಾಡಿದರು,
ಗುಡಿಗೆ ಬೆನ್ನು ಕೊಟ್ಟೇ.

ಬಸರಾಳಿನಲ್ಲಿ ಸೂರಿನ ನೀರು ಎಲ್ಲಿ ಇಳಿಯುತ್ತದೆ ಅಂತ
ಕತ್ತೆತ್ತಿ ಒಂದು ಸುತ್ತು ಬಂದ.
ಅಷ್ಟೇ.

ಬನ್ನೂರು ದಾರಿ. ಕಬ್ಬಿನ ಟ್ರಾಕ್ಟರಿನ ಹಿಂದೆ
ಎರಡನೇ ಗೇರಿನಲ್ಲಿ ತೆವಳುವಾಗ ಹೇಳಿದೆ:
"ಎಳವೆಯಲ್ಲಿ ಗೋಡೆಯ ಆನೆ ಎಣಿಸೋಕೆ ಬಿಟ್ಟೆ,
ಒಂದು ದಿನವೂ ಮುಟ್ಟೋಕೆ ಬಿಡಲಿಲ್ಲ."
ಆಲೆಮನೆಯ ಹೊಗೆ ಕಿಟಕಿಯಲ್ಲಿ ನುಗ್ಗಿತು.
"ಎಣಿಸ್ದಲ್ಲ, ಲೆಕ್ಕ ಬಂತಲ್ಲ," ಅಂದ.

ಸೋಮನಾಥಪುರದಲ್ಲಿ ಹಳೇ ಗುರುತಿನ ಚೀಟಿ
ಜೇಬಿನಲ್ಲೇ ಇಟ್ಟುಕೊಂಡು ಟಿಕೀಟು ಕೊಂಡ.
ಎರಡೂ ಟಿಕೀಟು ತನಗೇ ಬೇಕು ಅಂದ.
ವಿಗ್ರಹದಡಿಯ ಶಿಲ್ಪಿಯ ಹೆಸರನ್ನು
ಗೈಡು ಒಬ್ಬ ಬೆರಳು ಮಾಡಿ ಓದುತ್ತಿದ್ದರೆ
ಅಪ್ಪ ನನ್ನ ಕಿವಿಯಲ್ಲಿ:
"ಇವ್ನು ಎಸ್ರು ಕೆತ್ತುದ್ರೆ ಸಾಸ್ನ,
ಕಾಲೇಜು ಐಕ್ಳು ಕೆತ್ತುದ್ರೆ ಕೇಸು."
ಎಷ್ಟು ಬಾಣ ತೂರಿದ ಹೃದಯಗಳನ್ನು
ಒದ್ದೆ ಗೋಣಿತಾಟಿನಲ್ಲಿ ಉಜ್ಜಿದ್ದನೋ.
ರೇಖಾ ಪ್ಲಸ್ ಎಮ್ಮೆಸ್ಸು ಮಾತ್ರ
ಹೋಗಲೇ ಇಲ್ಲವಂತೆ.

ಮೈಸೂರಿಗೆ ಬಂದಾಗ ಮೂರೂವರೆ.
ಚಪ್ಪಲಿಯ ಟೋಕನ್ನು ಹಲ್ಲಲ್ಲಿ ಕಚ್ಚಿಕೊಂಡು
ಪಂಚೆ ಬಿಗಿ ಮಾಡಿಕೊಂಡು ಒಳಗೆ ಬಂದ.
ಬಣ್ಣದ ಗಾಜಿನ ನವಿಲುಗಳ ಕೆಳಗೆ
ಎಲ್ಲರ ಕತ್ತೂ ಮೇಲೆ,
ಅವನ ಕಣ್ಣು ಹಿತ್ತಾಳೆಯ ಕಟಕಟೆಯ ಮೇಲೆ:
"ಇದ್ನ ದಿನಾ ವರುಸೋರು ಯಾರು?"
ಕೈ ಮಾತ್ರ ಬೆನ್ನ ಹಿಂದೆ ಕಟ್ಟಿಯೇ ಇತ್ತು,
ಬೆಳಗಿನಿಂದ, ನಾಲ್ಕು ಊರು,
ಯಾರೂ ಹೇಳದೆ.

ಬೆಳ್ಳಿ ಬಾಗಿಲ ಹತ್ತಿರ ನನಗೆ ಏನಾಯಿತೋ.
ಒಂದು ಬೆರಳು. ಬಳ್ಳಿಯ ಒಂದು ಎಲೆಯ ಮೇಲೆ.
ಕಾವಲಿನ ಹುಡುಗಿ ಸೀಟಿ ತುಟಿಗಿಡುವಷ್ಟರಲ್ಲಿ
ಹಿಂದಿನಿಂದ ಬಂತು ಒಂದು ದನಿ,
ಕಲ್ಲಿನ ಹಜಾರದಲ್ಲಿ ಪಳಗಿದ್ದು, ಸಾಬೂನಿನಷ್ಟು ನುಣುಪು:
"ಮುಟ್ಟಬೇಡಿ."

ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ
ಅಪ್ಪ ನನ್ನನ್ನು ಬಹುವಚನದಲ್ಲಿ ಕರೆದದ್ದು.

ಹುಡುಗಿ ಸೀಟಿ ಇಳಿಸಿ ಅವನ ಖಾಕಿ ನೋಡಿದಳು.
ಸ್ಟೂಲು ಜರುಗಿಸಿದಳು. ಅಪ್ಪ ಕೂರಲಿಲ್ಲ.
"ಡೂಟಿ ಟೇಮಲ್ಲಿ ಕೂತ್ರೆ ಮಂಡಿ ಇಡ್ಕತದೆ ಕಣವ್ವ."

ವಾಪಸು ಬರುವಾಗ ಹತ್ತು ಗಂಟೆ ದಾಟಿತ್ತು.
ಪೇಟೆಯಲ್ಲಿ ಮನೆ ಕಡೆ ತಿರುಗಿಸಬೇಕು,
"ನೇರ ಓಗು" ಅಂದ.
ಗುಡಿಯ ಮುಂದೆ ಇಳಿದು, ಗೇಟಿನಿಂದ ಎರಡು ಮಾರು ದೂರ
ಕೈ ಬೆನ್ನಿಗೆ ಕಟ್ಟಿ ನಿಂತ.
ಒಳಗಿನಿಂದ ಟಾರ್ಚು ಅವನ ಮುಖಕ್ಕೆ ಬಿತ್ತು.
ಹೊಸ ಹೈದನ ದನಿ: "ಯಾರ್ರೀ ಅದು?"

ಬೆಳಕಿಗೆ ಕಣ್ಣು ಕಿರಿದು ಮಾಡಿ
ಜೇಬಿನ ಟಿಕೀಟು ತಡವಿಕೊಂಡು
ಅಪ್ಪ ಹೇಳಿದ: "ಟೂರಿಸ್ಟು ಕಣಪ್ಪ.
ನಾಳೀಕೆ ಬತ್ತೀನಿ."